ನೀರು ಬೀಳುವ ಸದ್ದು ನಾನು ಕೇಳಿದ್ದೆ

ನಮ್ಮ ಶೆಡ್ಡಿನ ಮೋಟಾರು ಸುಟ್ಟುಹೋದದ್ದು ನನ್ನಿಂದ ಎಂದು ಎರಡು ವರ್ಷ ಎಲ್ಲರೂ ನಂಬಿದ್ದರು. ಎಲ್ಲರೂ ಅಂದರೆ ನನ್ನ ಅತ್ತೆ, ಪಕ್ಕದ ಗ್ರಿಲ್ ಶೆಡ್ಡಿನವರು, ಬಾಗಿಲು ಮಾಡಿಸಲು ಬರುತ್ತಿದ್ದ ಮೇಸ್ತ್ರಿಗಳು, ಮಾಲೂರು ಕಡೆಯ ನನ್ನ ತವರಿನವರು. ಹೇಳಲು ನಾಚಿಕೆಯಾಗುತ್ತದೆ, ಕೊನೆಗೆ ನಾನೂ ನಂಬಿದೆ. ನಂಬದೇ ಇದ್ದವರು ನನ್ನ ಗಂಡ ಒಬ್ಬರೇ. ಯಾಕೆಂದರೆ ಅವರಿಗೆ ನಿಜ ಗೊತ್ತಿತ್ತು.

ಸಿಟ್ಟು ನಿನಗೆ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಅತ್ತೆ ಹೇಳುತ್ತಿದ್ದರು. ಇರಲಿ. ಅದು ಮೂಗಿನ ತುದಿಯಲ್ಲಿ ಇದ್ದಿದ್ದರಿಂದಲೇ ಇಷ್ಟನ್ನಾದರೂ ಬರೆಯುತ್ತಿದ್ದೇನೆ.

ಮದುವೆಗೆ ಮುಂಚಿನಿಂದಲೂ ನಾನು ಹೊಸೂರಿನ ಒಂದು ಫ್ಯಾಕ್ಟರಿಯಲ್ಲಿ ಮೋಟಾರು ಟೆಸ್ಟ್ ಮಾಡುವ ಲೈನಿನಲ್ಲಿದ್ದೆ. ಬೆಲ್ಟಿನ ಮೇಲೆ ಸಣ್ಣ ಸಣ್ಣ ಮೋಟಾರುಗಳು ಬರುತ್ತಿದ್ದವು. ಒಂದೊಂದನ್ನೂ ಓಡಿಸಿ, ಮೀಟರು ನೋಡಿ, ಸದ್ದು ಕೇಳಿ, ಮೈ ಮುಟ್ಟಿ, ಸರಿಯಿದ್ದರೆ ಹಸಿರು ಚೀಟಿ, ಇಲ್ಲದಿದ್ದರೆ ಕೆಂಪು ಚೀಟಿ ಅಂಟಿಸಬೇಕು. ಒಂಬತ್ತು ವರ್ಷ ಅದನ್ನೇ ಮಾಡಿದೆ. ಯಾವ ಮೋಟಾರು ಕಾಯುತ್ತದೆ, ಯಾವುದು ಕಾಯುವುದಿಲ್ಲ ಎನ್ನುವುದು ಮೀಟರಿಗಿಂತ ಮೊದಲು ನನ್ನ ಅಂಗೈಗೆ ತಿಳಿಯುತ್ತಿತ್ತು. ಸೂಪರ್‌ವೈಸರು ಕೂಡ ಅನುಮಾನ ಬಂದರೆ ನನ್ನ ಹತ್ತಿರ ತರುತ್ತಿದ್ದರು. ಆಮೇಲೆ ಆ ಲೈನನ್ನೇ ಬೇರೆ ಊರಿಗೆ ಸಾಗಿಸಿದರು, ನಮ್ಮನ್ನು ಮನೆಗೆ ಕಳಿಸಿದರು.

ನನ್ನ ಗಂಡನಿಗೆ ತಳಿ ರಸ್ತೆಯಲ್ಲಿ ಒಂದು ಶೀಟಿನ ಶೆಡ್ಡಿತ್ತು. ಬಾಗಿಲು, ಕಿಟಕಿ, ದೇವರಮನೆ ಬಾಗಿಲು ಮಾಡುತ್ತಿದ್ದರು. ಆಗ ಎರಡು ಸಾವಿರದ ಆರೋ ಏಳೋ ಇಸವಿ. ಹೊಸೂರಿನ ಸುತ್ತ ರಾಗಿ ಹೊಲಗಳೆಲ್ಲ ಸೈಟುಗಳಾಗಿ, ಎತ್ತ ನೋಡಿದರೂ ಮನೆ ಏಳುತ್ತಿತ್ತು. ಮನೆಗೆ ಬಾಗಿಲು ಬೇಕೇ ಬೇಕಲ್ಲ. ಮನೆಯಲ್ಲಿ ಸುಮ್ಮನೆ ಕೂರಲು ನನ್ನಿಂದಾಗಲಿಲ್ಲ, ನಾನೂ ಶೆಡ್ಡಿಗೆ ಹೋಗಲು ಶುರುಮಾಡಿದೆ. ಮೊದಲು ಉಪ್ಪುಕಾಗದ ಉಜ್ಜುತ್ತಿದ್ದೆ. ಆಮೇಲೆ ರೌಟರ್ ಟೇಬಲ್ಲಿಗೆ ನಿಂತೆ.

ರೌಟರ್ ಟೇಬಲ್ ಅಂದರೆ ದೊಡ್ಡ ವಿದ್ಯೆಯೇನಲ್ಲ. ಒಂದು ಗಟ್ಟಿ ಮೇಜು, ಅದರ ನಡುವೆ ಒಂದು ತೂತು. ಮೇಜಿನ ಕೆಳಗೆ ಮೋಟಾರನ್ನು ತಲೆಕೆಳಗಾಗಿ ತೂಗುಹಾಕಿರುತ್ತಾರೆ. ಅದರ ಮೂತಿಗೆ ಸಿಕ್ಕಿಸಿದ ಕತ್ತರಿಸುವ ಬಿಟ್ ಮಾತ್ರ ತೂತಿನಿಂದ ಮೇಲೆ ಇಣುಕುತ್ತದೆ. ಹಲಗೆಯನ್ನು ಅದಕ್ಕೆ ಒತ್ತಿ ಸರಿಸಿಕೊಂಡು ಹೋದರೆ ಅಂಚಿಗೆ ನಯವಾದ ಬಾಗು ಬರುತ್ತದೆ. ನನ್ನ ಗಂಡ ಕೈಯಲ್ಲಿ ಹಿಡಿಯುವ ಹಳೇ ರೌಟರನ್ನೇ ಬೋಲ್ಟು ಹಾಕಿ ಮೇಜಿನಡಿ ನೇತುಹಾಕಿದ್ದರು. ಅದು ಕಿರುಚುವ ಕಿರುಚಾಟಕ್ಕೆ, ದಿನವಿಡೀ ಕಬ್ಬಿಣ ಕೊಯ್ಯುವ ಗ್ರಿಲ್ ಶೆಡ್ಡಿನವರೇ ಬಂದು "ಸಾಮೀ, ಒಂದ್ ಗಳಿಗೆ ನಿಲ್ಸ್ರಪ್ಪಾ" ಎನ್ನುತ್ತಿದ್ದರು. ಮರದ ಪುಡಿ ಕುಡಿದು ಕುಡಿದು ಅದು ಮೂರು ತಿಂಗಳಿಗೊಮ್ಮೆ ರಿಪೇರಿಗೆ ಹೋಗುತ್ತಿತ್ತು.

ಅದರ ಬದಲು, ಬಿಟ್ ತಿರುಗಿಸಲೆಂದೇ ಮಾಡಿದ ಹೊಸ ಸ್ಪಿಂಡಲ್ ಮೋಟಾರು ತರುವುದು ಎಂದಾಯಿತು. ಅದರಲ್ಲಿ ಎರಡು ಜಾತಿ. ಒಂದು ತನ್ನ ತಲೆಯ ಮೇಲಿನ ಫ್ಯಾನಿನಿಂದ ತಾನೇ ಗಾಳಿ ಹಾಕಿಕೊಂಡು ತಣ್ಣಗಾಗುವುದು. ಇನ್ನೊಂದರ ಮೈಯೊಳಗೆ ನೀರು ಓಡಿಸಿ ತಣ್ಣಗೆ ಮಾಡಬೇಕು.

"ಗಾಳೀದೇ ಸಾಕು ಕಣೆ," ಅಂದರು ನನ್ನ ಗಂಡ. "ನೀರು ಗೀರು ಅಂದ್ರೆ ನೂರೆಂಟು ತಾಪತ್ರಯ."

"ಮರದ ಪುಡಿ ಸುರಿಯೋ ಜಾಗದಾಗೆ ಫ್ಯಾನಿಟ್ರೆ ಅದು ಗಾಳಿ ಕುಡೀತದೋ, ಪುಡಿ ಕುಡೀತದೋ? ಹಳೇದು ಸತ್ತಿದ್ದು ಯಾತಕ್ಕೆ?"

ನಾನು ಬಿಡಲಿಲ್ಲ. ಬಾಗಿಲಿನ ಹಲಗೆಗೆ ದೊಡ್ಡ ಬಿಟ್ ಹಾಕಬೇಕು, ದೊಡ್ಡ ಬಿಟ್ ಹಾಕಿದಾಗ ವೇಗ ಕಮ್ಮಿ ಮಾಡಬೇಕು, ಇಲ್ಲದಿದ್ದರೆ ಮರ ಕಪ್ಪಾಗುತ್ತದೆ, ಅಪಾಯ ಕೂಡ. ವೇಗ ಕಮ್ಮಿಯಾದರೆ ಅದರ ಜೊತೆಗೇ ತಿರುಗುವ ಫ್ಯಾನೂ ನಿಧಾನವಾಗುತ್ತದೆ. ಅಂದರೆ ಹೆಚ್ಚು ಕಾಯುವ ಹೊತ್ತಿಗೇ ಗಾಳಿ ಕಮ್ಮಿ. ನೀರಿನದಾದರೆ ಪಂಪು ಬೇರೆ, ಮೋಟಾರು ಬೇರೆ. ಮೋಟಾರು ನಿಧಾನವಾಗಿ ತಿರುಗಲಿ ಜೋರಾಗಿ ತಿರುಗಲಿ, ನೀರು ಒಂದೇ ಸಮ ಓಡುತ್ತದೆ. ಇದನ್ನೆಲ್ಲ ಹೇಳಿದ ಮೇಲೆ ಅವರು "ಫ್ಯಾಕ್ಟ್ರೀನಾಗೆ ಇದ್ದೋಳು, ನಿಂಗೇ ಗೊತ್ತಿರ್ತದೆ ಬುಡು" ಎಂದರು.

ಬೆಂಗಳೂರಿನ ಪೇಟೆಯ ಒಂದು ಗಲ್ಲಿಗೆ ಇಬ್ಬರೂ ಹೋದೆವು. ಅಂಗಡಿಯವನು ಮಾತಾಡಿದ್ದೆಲ್ಲ ನನ್ನ ಗಂಡನ ಜೊತೆ. ನಾನು ಸುಮ್ಮನೆ ಒಂದು ಮೋಟಾರನ್ನು ಎತ್ತಿಕೊಂಡು ಅದರ ಮೂತಿಯನ್ನು ಬೆರಳಲ್ಲಿ ತಿರುಗಿಸಿ ಕಿವಿಗಿಟ್ಟುಕೊಂಡೆ. ಒಳಗೆ ಬೇರಿಂಗಿನಲ್ಲಿ ಮರಳು ಇದ್ದ ಹಾಗೆ ಸದ್ದು. ಬೇಡ ಅಂದೆ. ಎರಡನೆಯದೂ ಬೇಡ ಅಂದೆ. ಆಗ ಅಂಗಡಿಯವನು ಮೊದಲ ಸಲ ನನ್ನ ಕಡೆ ತಿರುಗಿ, ಒಳಗಿನಿಂದ ಮೂರನೆಯದನ್ನು ತಂದುಕೊಟ್ಟ. ಅದು ಸದ್ದಿಲ್ಲದೆ ತಿರುಗಿ ಸದ್ದಿಲ್ಲದೆ ನಿಂತಿತು. ವಾಪಸು ಬರುವಾಗ ಬಸ್ಸಿನಲ್ಲಿ ನನ್ನ ಗಂಡ ಆ ಡಬ್ಬಿಯನ್ನು ಅತ್ತಿಬೆಲೆ ದಾಟುವವರೆಗೂ ಕೆಳಗಿಡದೆ ಮಡಿಲಲ್ಲೇ ಇಟ್ಟುಕೊಂಡಿದ್ದರು. ಪಕ್ಕದಲ್ಲಿ ಕೂತವರು ಏನಪ್ಪಾ ಅದು ಎಂದು ಕೇಳಿದ್ದಕ್ಕೆ, "ನಮ್ಮ ಮನೆ ಇಂಜಿನಿಯರ್ರು ಆರಿಸಿದ ಮೋಟ್ರು" ಎಂದು ನನ್ನ ಕಡೆ ಬೆರಳು ಮಾಡಿದರು. ಆ ದಿನ ನನಗೆ ಎಷ್ಟು ಹೆಮ್ಮೆಯಾಗಿತ್ತೋ, ಆಮೇಲೆ ಅದನ್ನು ನೆನೆಸಿಕೊಂಡಾಗೆಲ್ಲ ಅಷ್ಟೇ ಹೊಟ್ಟೆ ಉರಿಯುತ್ತಿತ್ತು.

ತಣ್ಣಗೆ ಮಾಡುವ ಏರ್ಪಾಡೆಲ್ಲ ನನ್ನದೇ. ಮುಚ್ಚಳವಿರುವ ಒಂದು ದೊಡ್ಡ ಬಕೆಟ್ಟು, ಅದರೊಳಗೆ ಏರ್ ಕೂಲರಿಗೆ ಹಾಕುವಂಥ ಪುಟ್ಟ ಪಂಪು, ಎರಡು ಪಾರದರ್ಶಕ ಪೈಪು. ಒಂದು ನೀರು ಹೋಗಲು, ಒಂದು ಬರಲು. ಪಂಪಿನ ಪೈಪಿಗೆ ಗುರುತಿಗಾಗಿ ಹಳದಿ ದಾರ ಕಟ್ಟಿದ್ದೆ. ನಮ್ಮ ಬೋರಿನ ನೀರು ಹಾಕಲು ನಾನು ಬಿಡಲಿಲ್ಲ. ಆ ನೀರು ಕಾಯಿಸಿದರೆ ಪಾತ್ರೆಯ ತಳದಲ್ಲಿ ಸುಣ್ಣ ಬಳಿದ ಹಾಗೆ ಬಿಳಿ ಪದರ ಕೂರುತ್ತಿತ್ತು. ಮೋಟಾರಿನ ಮೈಯೊಳಗೆ ನೀರಿನ ದಾರಿ ಕಿರುಬೆರಳಿನಷ್ಟೂ ಅಗಲವಿಲ್ಲ, ಆರು ತಿಂಗಳಲ್ಲಿ ಕಟ್ಟಿಕೊಂಡುಬಿಡುತ್ತದೆ. ಬ್ಯಾಟರಿಗೆ ಹಾಕುವ ಶುದ್ಧ ನೀರನ್ನೇ ತರಿಸಿ, ತುಕ್ಕು ಹಿಡಿಯದಿರಲೆಂದು ಲಾರಿ ರೇಡಿಯೇಟರಿಗೆ ಸುರಿಯುವ ಹಸಿರು ಕೂಲೆಂಟನ್ನು ಸ್ವಲ್ಪ ಬೆರೆಸಿದೆ. ಬಕೆಟ್ಟಿನೊಳಗೆ ಒಂದು ಇಟ್ಟಿಗೆಯ ಮೇಲೆ ಸ್ಟೀಲಿನ ಚೊಂಬನ್ನು ಬೋರಲಾಗಿಟ್ಟು, ವಾಪಸು ಬರುವ ನೀರು ಅದರ ಬೆನ್ನಿನ ಮೇಲೇ ಬೀಳುವ ಹಾಗೆ ಪೈಪು ಕಟ್ಟಿದೆ. ಬಕೆಟ್ಟು ಮುಚ್ಚಿದ್ದರೂ ಸದ್ದು ಕೇಳಬೇಕಲ್ಲ. ಸದ್ದು ಕೇಳಬೇಕು, ಪೈಪು ಮುಟ್ಟಬೇಕು, ಆಮೇಲೆ ಮೋಟಾರಿನ ಸ್ವಿಚ್ಚು. ಇದು ನಾನು ಮಾಡಿದ ಕಾನೂನು.

ಪಂಪಿನದೂ ಮೋಟಾರಿನದೂ ಒಂದೇ ಸ್ವಿಚ್ಚು ಮಾಡಿಬಿಡಿ ಎಂದು ಗಂಡನನ್ನು ಕೇಳಿದ್ದೆ. ಮಾಡೋಣ ಅಂದರು, ಮಾಡಲಿಲ್ಲ. ಇನ್ನೊಂದು ಪಂಪು ತಂದಿಡಿ, ಒಂದು ಕೆಟ್ಟರೆ ಇರಲಿ ಅಂದಿದ್ದೆ. ಒಂದಿದ್ದರೆ ಸಾಕು ಅಂದರು. ಹಾಗಾಗಿ ನಮ್ಮ ಶೆಡ್ಡಿನಲ್ಲಿ ಇದ್ದದ್ದು ಒಂದೇ ಒಂದು ಪಂಪು.

ಒಂದು ವರ್ಷ ಚೆನ್ನಾಗಿ ನಡೆಯಿತು. ಮೋಟಾರು ಓಡುತ್ತಿದ್ದರೆ ಪಕ್ಕದಲ್ಲಿ ನಿಂತು ಮಾತಾಡಬಹುದಿತ್ತು, ಅಷ್ಟು ಮೆತ್ತಗೆ. ಮಧ್ಯಾಹ್ನದವರೆಗೆ ಓಡಿಸಿ ಮೈ ಮುಟ್ಟಿದರೂ ಕೈಗೆ ಹಿತವಾದ ಬೆಚ್ಚಗೆ, ಅಷ್ಟೇ. ಡೆಂಕಣಿಕೋಟೆಯ ಒಬ್ಬ ಮೇಸ್ತ್ರಿ ತಾವು ಕಟ್ಟಿಸುವ ಮನೆಗಳಿಗೆಲ್ಲ ನಮ್ಮಲ್ಲೇ ಬಾಗಿಲು ಮಾಡಿಸತೊಡಗಿದರು. "ಆ ತಂಗಚ್ಚಿ ಕೈಯಾಗೇ ಅಂಚು ತೆಗೆಸಿ" ಎಂದು ಹೇಳಿ ಹೋಗುತ್ತಿದ್ದರು. ಫ್ಯಾಕ್ಟರಿಯಲ್ಲಿ ಒಂಬತ್ತು ವರ್ಷ ಅಂಟಿಸಿದ ಹಸಿರು ಚೀಟಿಗಳಲ್ಲಿ ಒಂದಾದರೂ ನನ್ನದು ಎಂದು ಯಾರಿಗೂ ಗೊತ್ತಿರಲಿಲ್ಲ. ಇಲ್ಲಿ ಬಾಗಿಲು ನೋಡಿದರೆ ನನ್ನ ಕೈ ಎಂದು ಹೇಳುವವರಿದ್ದರು. ನನಗೆ ಅಷ್ಟು ಸಾಕಾಗಿತ್ತು.

ಆಯುಧ ಪೂಜೆ ಬಂತು. ಶೆಡ್ಡು ತೊಳೆದು, ಉಳಿ, ಸುತ್ತಿಗೆ, ಗರಗಸವನ್ನೆಲ್ಲ ಒರೆಸಿ, ಮೋಟಾರಿಗೆ ವಿಭೂತಿ ಕುಂಕುಮ ಇಟ್ಟು, ಮೇಜಿಗೆ ಬಾಳೆಕಂದು ಕಟ್ಟಿದೆವು. ನನ್ನ ಗಂಡನಿಗೆ ಆ ವರ್ಷ ಒಂದು ಹುಚ್ಚು ಹಿಡಿದಿತ್ತು. ಥರ್ಮಾಕೋಲಿನಲ್ಲಿ ಬೆಟ್ಟ ಮಾಡಿ, ಅದರ ಮೇಲೆ ಶಿವನ ಬೊಂಬೆ ಕೂರಿಸಿ, ತಲೆಯಿಂದ ಗಂಗೆ ಚಿಮ್ಮುವ ಹಾಗೆ ಕಾರಂಜಿ ಮಾಡಿದರು. ಕಾರಂಜಿಗೆ ಪಂಪು ಬೇಕಲ್ಲ, ನನ್ನ ಬಕೆಟ್ಟಿನಿಂದ ಕಿತ್ತು ಹಾಕಿದರು.

"ನಂಗೆ ನಾಳೆ ಬೆಳಿಗ್ಗೆ ಪಂಪು ವಾಪಸ್ ಬಕೆಟ್ಟಿನಾಗೆ ಇರ್ಬೇಕು," ಅಂದೆ.

"ಇವತ್ತು ಹೆಂಗೂ ಮಿಷನ್ ಮುಟ್ಟಂಗಿಲ್ಲ. ನಾಳಿಕ್ಕೆ ಹಾಕ್ಬುಡ್ತೀನಿ," ಅಂದರು.

ಅದು ನಿಜವೇ. ಪೂಜೆಗೆ ಇಟ್ಟ ಆಯುಧವನ್ನು ಆ ದಿನ ಮುಟ್ಟಬಾರದು. ಮಾರನೆಯ ದಿನ ವಿಜಯದಶಮಿಗೆ ಕಾಯಿ ಒಡೆದು, ಹೆಸರಿಗೆ ಒಂದು ಕೆಲಸ ಮಾಡಿ ಶುರು ಮಾಡುವುದು. ಅತ್ತೆ ಇದರಲ್ಲಿ ಬಹಳ ಕಟ್ಟುನಿಟ್ಟು. "ಪೂಜೆಗೆ ಕುಂತಿರೋ ಸಾಮಾನು ಮುಟ್ಟಿದ್ರೆ ಮನೆಗಾಗಕಿಲ್ಲ" ಎಂದು ಮಗನಿಗೂ ನನಗೂ ಹೇಳಿಯೇ ಶೆಡ್ಡಿನಿಂದ ಎದ್ದರು. ಸಂಜೆ ಮೇಸ್ತ್ರಿ ಊಟಕ್ಕೆ ಬರುವವರಿದ್ದರು, ಅತ್ತೆಯೂ ನಾನೂ ಒಬ್ಬಟ್ಟು ಮಾಡಲು ಮನೆಗೆ ಹೊರಟೆವು. ನನ್ನ ಗಂಡ ಅವರನ್ನು ಶೆಡ್ಡಿನಲ್ಲಿ ಮಾತಾಡಿಸಿ ಮನೆಗೆ ಕರೆತಂದರು. ಊಟ ಮಾಡಿ, ಒಬ್ಬಟ್ಟು ಚೆನ್ನಾಗಿದೆ ಎಂದು ಹೇಳಿ ಹೋದರು.

ವಿಜಯದಶಮಿಯ ಬೆಳಿಗ್ಗೆ ಶೆಡ್ಡಿಗೆ ಹೋದಾಗ ಪಂಪು ಬಕೆಟ್ಟಿಗೆ ಬಂದಿತ್ತು. ಗ್ರಿಲ್ ಶೆಡ್ಡಿನವರು, ಎದುರಿನ ಟೀ ಅಂಗಡಿಯವರು, ಇನ್ನೂ ಐದಾರು ಜನ ಪ್ರಸಾದಕ್ಕೆಂದು ಸೇರಿದ್ದರು. ಅತ್ತೆ ಕಾಯಿ ಒಡೆದರು. "ನೀನೇ ಶುರು ಮಾಡು" ಎಂದರು ನನ್ನ ಗಂಡ. ಅದು ಪ್ರೀತಿ ಎಂದುಕೊಂಡೆ. ಪಂಪು ಹಾಕಿದೆ, ಚೊಂಬಿನ ಮೇಲೆ ನೀರು ಬೀಳುವ ಸದ್ದು ಕೇಳಿದೆ, ಪೈಪು ಮುಟ್ಟಿದೆ, ಸ್ವಿಚ್ಚು ಒತ್ತಿದೆ. ಒಂದು ಹಲಗೆಯ ಮೂರು ಅಂಚು ತೆಗೆದಿದ್ದೆ. ನಾಲ್ಕನೆಯದಕ್ಕೆ ತಿರುಗಿಸುವಾಗ ಮೋಟಾರು ಒಂದು ಸಲ ಗೊರ್ ಎಂದು ನಿಂತಿತು. ವಾರ್ನಿಷ್ ಸುಟ್ಟ ವಾಸನೆ, ತೂತಿನಿಂದ ಹೊಗೆ. ಮೋಟಾರಿನ ಸ್ವಿಚ್ಚು ಆರಿಸಿ, ಕೆಮ್ಮು ತಡೆಯದೆ ಬಾಗಿಲಿಗೆ ಓಡಿದೆ. ನನ್ನ ಗಂಡ ಒಳಗೆ ನುಗ್ಗಿದರು.

ಹೊಗೆ ಸ್ವಲ್ಪ ಇಳಿದ ಮೇಲೆ ಎಲ್ಲರೂ ಒಳಗೆ ಬಂದರು. ಗ್ರಿಲ್ ಶೆಡ್ಡಿನ ಯಜಮಾನರು, "ಏನಣ್ಣಾ, ನೀರು ಬಿಟ್ಟಿರ್ಲಿಲ್ವಾ?" ಎಂದು ಕೇಳಿದರು. ನನ್ನ ಗಂಡ ಗೋಡೆಯ ಕಡೆ ಕೈ ತೋರಿಸಿದರು. ಪಂಪಿನ ಸ್ವಿಚ್ಚು ಆಫ್ ಆಗಿತ್ತು.

"ಮರ್ತ್ಬುಟ್ಟವಳೆ," ಅಂದರು.

ನಾನು ಹಾಕಿದ್ದೆ ಎಂದು ಕೂಗಾಡಿದೆ. ಸದ್ದು ಕೇಳಿದ್ದೆ ಅಂದೆ. ಎಲ್ಲರೂ ಸ್ವಿಚ್ಚನ್ನು ನೋಡಿದರು, ಆಮೇಲೆ ನನ್ನನ್ನು ನೋಡಿದರು. ಅತ್ತೆ ಹಬ್ಬದ ದಿನ ಅಪಶಕುನವಾಯಿತಲ್ಲ ಎಂದು ಕೂತಲ್ಲೇ ಅಳತೊಡಗಿದರು. ಪ್ರಸಾದ ತಿನ್ನದೆಯೇ ಜನ ಚದುರಿದರು.

ಮೊದಲ ಒಂದು ವಾರ ಜಗಳವಾಡಿದೆ. ಆಮೇಲೆ ನನ್ನ ಮೇಲೆಯೇ ನನಗೆ ಅನುಮಾನ ಶುರುವಾಯಿತು. ಹಿಂದಿನ ದಿನವೆಲ್ಲ ಶೆಡ್ಡಿನಲ್ಲಿ ಕಾರಂಜಿಯ ಸದ್ದು ಇತ್ತಲ್ಲ, ಅದೇ ಕಿವಿಯಲ್ಲಿ ಉಳಿದಿತ್ತೇನೋ, ಪಂಪು ಹಾಕದೇ ಹಾಕಿದೆ ಎಂದುಕೊಂಡೆನೇನೋ. ಪೈಪು ಮುಟ್ಟಿದ್ದು ಆ ದಿನದ್ದೋ, ಅದಕ್ಕೂ ಹಿಂದಿನ ದಿನಗಳದ್ದೋ. ದಿನವೂ ಮಾಡುವ ಕೆಲಸಕ್ಕೆ ನೆನಪು ಎಲ್ಲಿರುತ್ತದೆ? ಒಂದು ಬೆಳಿಗ್ಗೆ ಗಂಡನ ಮುಂದೆ ನಿಂತು, "ತಪ್ಪಾಯ್ತು ಕಣ್ರೀ, ಮರ್ತಿರ್ಬೇಕು" ಅಂದೆ. ಅತ್ತಿದ್ದೆ ಕೂಡ.

ಅವರು ನನ್ನ ತಲೆ ಸವರಿದರು. "ಹೋಗ್ಲಿ ಬುಡು. ಮನುಷ್ಯರು ಮರೀತಾರೆ," ಅಂದರು. ನನ್ನನ್ನು ಕ್ಷಮಿಸಿದರು!

ಆಮೇಲೆ ನಾನು ಟೇಬಲ್ಲಿಗೆ ನಿಲ್ಲಲಿಲ್ಲ. ಯಾರೂ ಬೇಡ ಅನ್ನಲಿಲ್ಲ, ಆದರೆ ಬಾ ಎಂದವರೂ ಇಲ್ಲ. ಅವರು ಗಾಳಿಯ ಮೋಟಾರನ್ನೇ ತಂದು ಹಾಕಿದರು. ಸುಟ್ಟದ್ದನ್ನು ಗೋಣಿಯಲ್ಲಿ ಸುತ್ತಿ ಬೆಂಚಿನಡಿ ತಳ್ಳಿದರು. ನಾನು ತಳಿ ಕಡೆಯ ಗುಲಾಬಿ ಗ್ರೀನ್ ಹೌಸೊಂದಕ್ಕೆ ಹೂವು ವಿಂಗಡಿಸುವ ಕೆಲಸಕ್ಕೆ ಹೋದೆ. ಬೆಳಿಗ್ಗೆ ಜೀಪು ಬರುತ್ತಿತ್ತು. ತಣ್ಣನೆಯ ಕೋಣೆಯಲ್ಲಿ ನಿಂತು, ಕಾಂಡದ ಉದ್ದ ನೋಡಿ, ಮುಳ್ಳು ಸವರಿ, ಕಟ್ಟು ಕಟ್ಟುವುದು. ಕೆಟ್ಟ ಕೆಲಸವೇನಲ್ಲ. ಆದರೆ ಮಧ್ಯಾಹ್ನ ಬುತ್ತಿ ಬಿಚ್ಚುವಾಗ ಜೊತೆಯ ಹೆಂಗಸರು, "ನೀನು ಮಿಷನ್ ಸುಟ್ಟಾಕ್ಬುಟ್ಟೆ ಅಂತಲ್ಲಕ್ಕಾ?" ಎಂದು ನಗುತ್ತಾ ಕೇಳುತ್ತಿದ್ದರು. ಸುದ್ದಿ ಅಲ್ಲಿಗೂ ಜೀಪು ಹತ್ತಿ ಬಂದಿತ್ತು. ನಾನೂ ನಗುತ್ತಿದ್ದೆ.

ಎರಡು ವರ್ಷ ಕಳೆದ ಮೇಲೆ, ಇನ್ನೇನು ದಸರಾ ಹತ್ತಿರವಿದೆ ಎನ್ನುವಾಗ, ಮೇಸ್ತ್ರಿಯವರ ಮಗಳ ಸೀಮಂತಕ್ಕೆ ಡೆಂಕಣಿಕೋಟೆಗೆ ಹೋದೆ. ನನ್ನ ಗಂಡನಿಗೆ ಕೆಲಸವಿತ್ತು, ಬರಲಿಲ್ಲ. ಬಳೆ ತೊಡಿಸಿ, ಹಾಲ್‌ನಲ್ಲಿ ಕೂತು ಊಟದ ಪಂಕ್ತಿಗೆ ಕಾಯುತ್ತಿದ್ದೆ. ಎದುರಿನ ಗೋಡೆಯಲ್ಲಿ ಫ್ರೇಮು ಹಾಕಿದ ಒಂದು ಫೋಟೋ ಇತ್ತು. ನಮ್ಮ ಶೆಡ್ಡು. ಬಾಳೆಕಂದು. ಬಿಳಿ ಪಂಚೆಯಲ್ಲಿ ಎದೆ ಸೆಟೆಸಿ ನಿಂತ ಮೇಸ್ತ್ರಿ. ಅವರ ಪಕ್ಕ ರೌಟರ್ ಟೇಬಲ್ಲಿನ ಮೇಲೆ ಬಗ್ಗಿ ಹಲಗೆ ಒತ್ತುತ್ತಿರುವ ನನ್ನ ಗಂಡ. ಅವರ ಕೈಯ ಮುಂದೆ ಮರದ ಪುಡಿ ಎದ್ದು ಹಾರುತ್ತಿದೆ. ಹಿಂದೆ ಥರ್ಮಾಕೋಲ್ ಬೆಟ್ಟ, ಶಿವನ ತಲೆಯಿಂದ ಗಂಗೆ ಒಂದು ಮೊಳ ಎತ್ತರಕ್ಕೆ ಚಿಮ್ಮುತ್ತಿದ್ದಾಳೆ. ಬೆಟ್ಟದ ಬುಡದಲ್ಲಿ ಪೈಪಿಗೆ ನಾನು ಕಟ್ಟಿದ್ದ ಹಳದಿ ದಾರ ಕಾಣುತ್ತಿದೆ.

ಎದ್ದು ಹತ್ತಿರ ಹೋಗಿ ನೋಡಿದೆ. ಮರದ ಪುಡಿ ಹಾರುತ್ತಿದೆ ಅಂದರೆ ಮೋಟಾರು ಓಡುತ್ತಿದೆ. ಗಂಗೆ ಚಿಮ್ಮುತ್ತಿದ್ದಾಳೆ ಅಂದರೆ ಪಂಪು ಅಲ್ಲಿದೆ. ನಮ್ಮ ಶೆಡ್ಡಿನಲ್ಲಿ ಇದ್ದದ್ದು ಒಂದೇ ಪಂಪು.

ಮೇಸ್ತ್ರಿ ಹಿಂದೆ ಬಂದು ನಿಂತು, "ಒಳ್ಳೆ ಫೋಟೋ ಅಲ್ಲ ತಂಗಚ್ಚೀ? ಸ್ಟುಡಿಯೋದವನ್ನ ನಾನೇ ಕರ್ಕೊಂಡು ಬಂದಿದ್ದೆ. ನಿಮ್ಮನೆಯವರು ಪೂಜೆ ದಿವಸಾನೇ ನಮ್ಗೋಸ್ಕರ ಒಂದು ಬಾಗ್ಲು ಪೂರ್ತಿ ಓಡ್ಸಿ ತೋರ್ಸಿದ್ರು. ನಮ್ಮಮ್ಮಂಗೆ ಮಾತ್ರ ಹೇಳ್ಬೇಡಿ ಅಂದ್ರು, ಅದ್ಕೇ ನಾನು ಬಾಯಿ ಬಿಡ್ಲಿಲ್ಲ," ಎಂದು ನಕ್ಕರು. ಪಾಪ, ಅವರಿಗೆ ಪಂಪಿನ ವಿಷಯ ಏನು ಗೊತ್ತು.

"ಅಣ್ಣಾ, ಇದನ್ನ ನಾಲ್ಕು ದಿನ ನಂಗೆ ಕೊಡಿ" ಅಂದೆ. ಫ್ರೇಮಿನ ಸಮೇತ ಬಿಚ್ಚಿಕೊಟ್ಟರು. ಊಟ ಮಾಡದೆ ಬಸ್ಸು ಹತ್ತಿದೆ.

ಮಾರನೆಯ ಬೆಳಿಗ್ಗೆ ಗುಲಾಬಿಯ ಜೀಪನ್ನು ಬಿಟ್ಟು ಶೆಡ್ಡಿಗೆ ಹೋದೆ. ಫೋಟೋವನ್ನು ಟೇಬಲ್ಲಿನ ಮೇಲೆ ಇಟ್ಟೆ. ನನ್ನ ಗಂಡ ಬಗ್ಗಿ ನೋಡಿ, "ಚೆನ್ನಾಗಿ ಬಂದೈತಲ್ಲ" ಅಂದರು. ಆಮೇಲೆ ನನ್ನ ಮುಖ ನೋಡಿದರು. ನಾನಿನ್ನೂ ಒಂದು ಮಾತೂ ಆಡಿರಲಿಲ್ಲ. "ಸುಮ್ನೆ ಫೋಟೋಕ್ಕೆ ನಿಂತಿದ್ದು ಕಣೆ, ಮೋಟ್ರು ಹಾಕಿರ್ಲಿಲ್ಲ" ಅಂದರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ, ಇವರು ಕಳ್ಳ ಅನ್ನುವ ಮುಂಚೆಯೇ ಮುಟ್ಟಿಕೊಂಡರು.

"ಹಾಕ್ದಿದ್ರೆ ಪುಡಿ ಎಲ್ಲಿಂದ ಹಾರ್ತದೆ?"

ಸ್ಟೂಲಿನ ಮೇಲೆ ಕೂತರು. "ಇಪ್ಪತ್ತು ನಿಮಿಷ ಓಡ್ಸಿರ್ಬೋದು. ದೊಡ್ಡ ಬಿಟ್ಟು. ಮುಟ್ಟಿ ನೋಡಿದ್ರೆ ಕೈ ಚುರ್ ಅಂತು. ನಿಲ್ಸ್ಬುಟ್ಟೆ. ತಣ್ಣಗಾದ್ಮೇಲೆ ಸರಿ ಹೋಗ್ತದೆ ಅನ್ಕಂಡೆ." ಒಳಗಿನ ತಂತಿಯ ವಾರ್ನಿಷ್ ಒಮ್ಮೆ ಬೆಂದ ಮೇಲೆ, ಮಾರನೆಯ ದಿನ ಎಷ್ಟು ನೀರು ಓಡಿಸಿದರೂ ಮೋಟಾರು ಉಳಿಯುವುದಿಲ್ಲ.

"ಅದ್ಕೇ ಬೆಳಿಗ್ಗೆ ನೀನೇ ಶುರು ಮಾಡು ಅಂದ್ರಾ?"

ಅವರು ಮಾತು ಹಾರಿಸಿದರು. "ಹೊಗೆ ಬಂದಾಗ ಗಾಬ್ರಿಯಾಗಿ ಎಲ್ಲಾ ಸ್ವಿಚ್ಚೂ ಆಫ್ ಮಾಡ್ದೆ. ಅಷ್ಟ್ರಾಗೆ ಗ್ರಿಲ್ ಶೆಡ್ಡಿನೋರು ನೀರು ಬಿಟ್ಟಿರ್ಲಿಲ್ವಾ ಅಂದ್ರು. ಬಾಯಿಗೆ ಬಂದ್ಬುಡ್ತು."

"ಬಾಯಿಗೆ ಬಂದಿದ್ದು ಒಂದು ಗಳಿಗೆ. ಎರಡು ವರ್ಷ ಬಾಯಿ ಎಲ್ಲಿ ಹೋಗಿತ್ತು? ನಾನು ತಪ್ಪಾಯ್ತು ಅಂತ ಅತ್ತೆನಲ್ಲ, ಅವತ್ತು ಎಲ್ಲಿ ಹೋಗಿತ್ತು?"

ಆಗ ಅವರು ತಲೆ ಎತ್ತಿ, ಬಹಳ ನ್ಯಾಯವಾದ ಮಾತು ಹೇಳುವವರ ಹಾಗೆ ಹೇಳಿದರು: "ಹೆಂಗಸು ಮರ್ತ್ಲು ಅಂದ್ರೆ ಜನ ನಾಲ್ಕು ದಿನ ಆಡ್ಕಂತಾರೆ, ಬುಡ್ತಾರೆ. ಪೂಜೆ ದಿವ್ಸ ನಾನೇ ಓಡ್ಸಿ ಸುಟ್ಟೆ ಅಂದ್ರೆ ನಮ್ಮಮ್ಮ ಬುಡ್ತಾಳಾ? ನಂಗೆ ಬಾಗ್ಲು ಮಾಡಕ್ಕೆ ಯಾರು ಕೊಡ್ತಾರೆ? ನಿನ್ ಹೆಸ್ರು ಹೋದ್ರೆ ಏನು ಹೋದಂಗಾಯ್ತು ಹೇಳು?"

ಮೋಟಾರು ಸುಟ್ಟದ್ದನ್ನು ನಾನು ಅಲ್ಲೇ ಮರೆಯುತ್ತಿದ್ದೆನೋ ಏನೋ. ಸುಳ್ಳು ಹೇಳಿದ್ದನ್ನು ಕೂಡ, ಕೂಗಾಡಿ ರಂಪ ಮಾಡಿ, ಒಂದು ದಿನ ಬಿಡುತ್ತಿದ್ದೆ. ಈ ಮಾತನ್ನು ಬಿಡಲು ನನ್ನಿಂದಾಗಲಿಲ್ಲ. ನನಗೆ ಇದ್ದದ್ದೇ ಆ ಹೆಸರು. ಅದನ್ನು ನನಗೆ ಬಸ್ಸಿನಲ್ಲಿ ಕೊಟ್ಟವರೂ ಇವರೇ. ನಮ್ಮ ಮನೆ ಇಂಜಿನಿಯರ್ರು ಅಂದ ಬಾಯಿಗೂ ಮರ್ತ್ಬುಟ್ಟವಳೆ ಅಂದ ಬಾಯಿಗೂ ನಡುವೆ ಒಂದು ಕೂದಲೆಳೆಯ ಅಂತರವೂ ಇರಲಿಲ್ಲ ಎಂದು ಆಗ ಗೊತ್ತಾಯಿತು. ಮೂರು ದಿನ ನನಗೆ ಊಟ ಸೇರಲಿಲ್ಲ.

ಒಂದೇ ಷರತ್ತು ಹಾಕಿದೆ. ಈ ವಿಜಯದಶಮಿಗೆ ಅದೇ ಜನದ ಮುಂದೆ, ಅದೇ ಜಾಗದಲ್ಲಿ ನಿಂತು ನಿಜ ಹೇಳಬೇಕು. ಹೇಳಿದರೆ ಟೇಬಲ್ಲಿಗೆ ವಾಪಸು ಬರುತ್ತೇನೆ. ಗಾಳಿಯ ಮೋಟಾರೂ ಅಷ್ಟು ಹೊತ್ತಿಗೆ ಪುಡಿ ಕುಡಿದು ಕುಯ್ಗುಟ್ಟುತ್ತಿತ್ತು, ಅವರಿಗೂ ನಾನು ಬೇಕಾಗಿತ್ತು. ಆಗಲಿ ಅಂದರು.

ಸುಟ್ಟ ಮೋಟಾರನ್ನು ಗೋಣಿಯಿಂದ ತೆಗೆದು, ಹೊಸೂರಿನಲ್ಲಿ ವೈಂಡಿಂಗ್ ಮಾಡುವ ಒಬ್ಬ ಮುದುಕರಿಗೆ ಕೊಟ್ಟೆ. ಅವರು ಬಿಚ್ಚಿ, ತಂತಿಯೆಲ್ಲ ತೆಗೆದು, ನೀರು ಓಡುವ ದಾರಿಗೆ ಟಾರ್ಚು ಬಿಟ್ಟು ನೋಡಿ, "ಯಾರಮ್ಮಾ ಇದ್ಕೆ ನೀರು ನೋಡ್ಕಂತಿದ್ದಿದ್ದು? ಒಂದು ಚೂರು ಉಪ್ಪು ಇಲ್ಲ. ಸುತ್ತಮಾ ಐತೆ" ಅಂದರು. ಸುತ್ತಮಾ ಅಂದರೆ ತಮಿಳಿನಲ್ಲಿ ಶುಚಿಯಾಗಿ. "ನಾನೇ" ಅಂದೆ. ಅಷ್ಟು ಹೇಳುವುದರೊಳಗೆ ಕಣ್ಣಲ್ಲಿ ನೀರು ತುಂಬಿತು. ಮುದುಕರು ಗಾಬರಿಯಾಗಿ, ಚೆನ್ನಾಗಿ ಕಟ್ಟಿಕೊಡ್ತೀನಿ ಅಳಬೇಡಮ್ಮ ಎಂದು ಸಮಾಧಾನ ಮಾಡಿದರು.

ವಿಜಯದಶಮಿ ಬಂತು. ಅದೇ ಗ್ರಿಲ್ ಶೆಡ್ಡಿನವರು, ಅದೇ ಟೀ ಅಂಗಡಿಯವರು, ಅತ್ತೆ. ಈ ಸಲ ಮೇಸ್ತ್ರಿಯೂ ಬಂದಿದ್ದರು. ಹೊಸದಾಗಿ ವೈಂಡಿಂಗ್ ಮಾಡಿದ ಮೋಟಾರು ಮೇಜಿನ ಕೆಳಗೆ, ಬಕೆಟ್ಟಿನಲ್ಲಿ ಪಂಪು, ಚೊಂಬು. ಕಾಯಿ ಒಡೆದ ಮೇಲೆ ನನ್ನ ಗಂಡ ಕೈಕಟ್ಟಿ ನಿಂತು ಹೇಳಿದರು. ಸುಳ್ಳು ಯಾಕೆ, ಸರಿಯಾಗಿಯೇ ಹೇಳಿದರು.

"ಅವತ್ತು ಮೋಟ್ರು ಸುಟ್ಟಿದ್ದು ನನ್ನಿಂದ. ಪೂಜೆ ದಿವ್ಸ ನೀರಿಲ್ದೆ ನಾನೇ ಓಡ್ಸಿದ್ದೆ. ಮಾರ್ನೆ ದಿನ ಇವಳು ಪಂಪು ಹಾಕಿದ್ಲು. ಆಫ್ ಮಾಡಿದ್ದು ನಾನು."

ಗ್ರಿಲ್ ಶೆಡ್ಡಿನ ಯಜಮಾನರು ಹೋ ಎಂದು ನಕ್ಕರು.

"ನೋಡ್ರಪ್ಪಾ ನಮ್ಮಣ್ಣನ್ನ! ಹೆಂಡ್ತೀನ ಮಿಷನ್‌ಗೆ ವಾಪಸ್ ಕರ್ಸಕ್ಕೆ ತಪ್ಪೆಲ್ಲ ತನ್ ತಲೆ ಮ್ಯಾಲೆ ಎಳ್ಕಂಡ!"

ಎಲ್ಲರೂ ನಕ್ಕರು. ಟೀ ಅಂಗಡಿಯವರು, "ಪುಣ್ಯ ಮಾಡಿದ್ದೆ ಕಣಮ್ಮ ನೀನು, ಇಂಥ ಗಂಡ ಯಾರಿಗೆ ಸಿಕ್ತಾನೆ" ಅಂದರು. ಅತ್ತೆ ಸೆರಗಿನಲ್ಲಿ ಕಣ್ಣೊರೆಸಿಕೊಂಡು, "ನನ್ ಮಗ ಚಿನ್ನ" ಅಂದರು. ನಾನು ಫೋಟೋ ತೆಗೆದು ಅತ್ತೆಯ ಕೈಗೆ ಕೊಟ್ಟೆ, ನೋಡಿ, ಪಂಪು ಎಲ್ಲಿದೆ ನೋಡಿ ಅಂದೆ. ಕೈಯಿಂದ ಕೈಗೆ ಹೋಯಿತು. ಗಂಗೆ ಎಷ್ಟು ಚೆನ್ನಾಗಿ ಚಿಮ್ಮವ್ಳೆ ಅಂದರು, ಮೇಸ್ತ್ರಿ ಎಂಗೆ ನಿಂತವ್ರೆ ನೋಡು ಅಂದರು. ಓಡಿಸಿದ್ದನ್ನು ಕಣ್ಣಾರೆ ಕಂಡಿದ್ದ ಮೇಸ್ತ್ರಿ, ಅತ್ತೆಗೆ ಹೇಳಬೇಡಿ ಅಂದಿದ್ದರಲ್ಲ ಎಂದೋ ಏನೋ, ಬರೀ ಮೀಸೆ ತಿರುವಿಕೊಂಡರು.

ನಾನು ನನ್ನ ಗಂಡನನ್ನು ನೋಡಿದೆ. ಒಂದು ಮಾತು ಸಾಕಿತ್ತು. ನಗಬೇಡಿ, ಇದು ನಿಜ ಎಂದರೆ ಸಾಕಿತ್ತು. ಅವರು ನೆಲ ನೋಡುತ್ತಾ ನಿಂತಿದ್ದರು. ತುಟಿಯ ಕೊನೆಯಲ್ಲಿ ಸಣ್ಣಗೆ ನಗು ಇತ್ತು. ಒಳ್ಳೆಯವನೆಂಬ ಹೆಸರು ಬಿಟ್ಟಿಯಾಗಿ ಬಂದರೆ ಯಾರು ಬೇಡವೆನ್ನುತ್ತಾರೆ? ಎರಡು ವರ್ಷದ ಹಿಂದೆ ಗಾಬರಿಯಲ್ಲಿ ಆಡಿದ ಸುಳ್ಳಿಗೆ ಏನೋ ಒಂದು ನೆಪವಿತ್ತು. ಈ ಸುಮ್ಮನಿರುವಿಕೆಗೆ ಯಾವ ನೆಪವೂ ಇರಲಿಲ್ಲ.

"ಶುರು ಮಾಡಮ್ಮಾ" ಎಂದರು ಯಾರೋ. ಪಂಪಿನ ಸ್ವಿಚ್ಚು ಹಾಕಿದೆ. ಚೊಂಬಿನ ಮೇಲೆ ನೀರು ಬೀಳತೊಡಗಿತು. ಪೈಪು ಮುಟ್ಟಿದೆ. ಮೋಟಾರಿನ ಸ್ವಿಚ್ಚಿಗೆ ಕೈ ಹೋಯಿತು, ಅಲ್ಲೇ ನಿಲ್ಲಿಸಿದೆ.

"ನೀವೂ ಬಂದು ಮುಟ್ಟಿ," ಅಂದೆ ಗಂಡನಿಗೆ.

"ನೀನು ಮುಟ್ಟಿದ್ಯಲ್ಲ."

"ಮುಟ್ಟಿ. ಮುಟ್ಟಿ, ನೀರು ಬರ್ತೈತೆ ಅಂತ ಎಲ್ರಿಗೂ ಕೇಳೋ ಹಂಗೆ ಹೇಳಿ."

ಜನ ಮತ್ತೆ ನಕ್ಕರು. ಅವರು ನಗಲಿಲ್ಲ, ನನ್ನ ಮುಖ ನೋಡಿದ್ದರು. ಬಂದು, ಬಗ್ಗಿ, ಪೈಪು ಹಿಡಿದು, "ಬರ್ತೈತೆ" ಅಂದರು. ಆಮೇಲೆ ನಾನು ಸ್ವಿಚ್ಚು ಒತ್ತಿದೆ.

ಗುಲಾಬಿ ಕೆಲಸ ಬಿಟ್ಟೆ. ಅಂದಿನಿಂದ ಟೇಬಲ್ಲು ನನ್ನದೇ. ಬಾಗಿಲಿನ ಅಂಚು ಮೊದಲಿಗಿಂತ ಚೆನ್ನಾಗಿಯೇ ಬರುತ್ತದೆ, ಮೇಸ್ತ್ರಿ ಈಗಲೂ ನನ್ನ ಕೈಯಲ್ಲೇ ಮಾಡಿಸುತ್ತಾರೆ. ಮನೆಯಲ್ಲಿ ನಾವಿಬ್ಬರೂ ಮಾತಾಡುತ್ತೇವೆ, ಉಣ್ಣುತ್ತೇವೆ, ಹಬ್ಬಕ್ಕೆ ತವರಿಗೂ ಹೋಗಿಬರುತ್ತೇವೆ. ನೋಡಿದವರಿಗೆ ಏನೂ ಕಾಣುವುದಿಲ್ಲ. ಆದರೆ ಅವರು ಆಮೇಲೆ ಪಂಪನ್ನೂ ಮೋಟಾರನ್ನೂ ಒಂದೇ ಸ್ವಿಚ್ಚಿಗೆ ಸೇರಿಸುತ್ತೇನೆ ಎಂದು ತಂತಿ ಹಿಡಿದು ಬಂದಾಗ, ಬೇಡ ಅಂದವಳು ನಾನೇ. ದಿನಾ ಬೆಳಿಗ್ಗೆ ನಾನು ಪಂಪು ಹಾಕಿ, ಸದ್ದು ಕೇಳಿ, ಪೈಪು ಮುಟ್ಟಿ, ಕೈಕಟ್ಟಿ ನಿಲ್ಲುತ್ತೇನೆ. ಅವರು ಏನೇ ಕೆಲಸದಲ್ಲಿರಲಿ, ಬಿಟ್ಟು ಬರಬೇಕು. ಬಂದು, ಬಗ್ಗಿ, ಪೈಪು ಹಿಡಿದು, ಬರ್ತೈತೆ ಅನ್ನಬೇಕು. ಆಮೇಲೆಯೇ ನಾನು ಮೋಟಾರು ಹಾಕುವುದು.